ಮನೆಯೊಳಗಿನ ಫೈಕಸ್ ಗಿಡಕ್ಕೆ ಟ್ರೈಕೋಡರ್ಮಾ ಪುಡಿ: ಮೂರು ಮಳೆಗಾಲ ಬಳಸಿದ ಮೇಲೆ

ಬಳಸಿದ್ದು: ಟಾಲ್ಕ್ ಪುಡಿಯಲ್ಲಿ ಬೆರೆಸಿ ಮಾರುವ ಟ್ರೈಕೋಡರ್ಮಾ (ಬೇರಿನ ರೋಗಾಣುಗಳನ್ನು ತಡೆಯುವ ಶಿಲೀಂಧ್ರ), 1 ಕಿಲೋ ಪ್ಯಾಕೆಟ್
ಯಾವಾಗಿನಿಂದ: 2023ರ ಜುಲೈಯಿಂದ
ಜಾಗ: ಕಾಸರಗೋಡು ಜಿಲ್ಲೆ, ಬದಿಯಡ್ಕದ ಹತ್ತಿರ ಅಡಿಕೆ ತೋಟದ ನಡುವಿನ ಮನೆ
ನನ್ನ ಅಂಕ: ಐದರಲ್ಲಿ ನಾಲ್ಕು

ಈ ಪುಡಿ ನಮ್ಮ ಮನೆಗೆ ಹೊಸದಲ್ಲ. ಕರಿಮೆಣಸಿನ ಬಳ್ಳಿಗೆ ಸೊರಗು ರೋಗ ಬಾರದಿರಲಿ ಅಂತ ಯಜಮಾನರು ಪ್ರತಿ ವರ್ಷ ಮಳೆ ಹಿಡಿಯುವ ಹೊತ್ತಿಗೆ ಇದನ್ನು ಸೆಗಣಿ ಗೊಬ್ಬರದಲ್ಲಿ ಕಲಸಿ ಬುಡಕ್ಕೆ ಹಾಕುತ್ತಾರೆ. ಚಾವಡಿಯೊಳಗಿನ ಗಿಡದ ಚಟ್ಟಿಗೂ ಇದು ಬೇಕಾಗುತ್ತದೆ ಅಂತ ನನಗೆ ಗೊತ್ತಾದದ್ದು 2023ರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್).

ಆ ವರ್ಷ ಮಗಳು ಮಂಗಳೂರಿನಿಂದ ಎರಡು ಗಿಡ ತಂದಿದ್ದಳು. ಒಂದು ಅಗಲ ಎಲೆಯ ಫಿಡಲ್ ಲೀಫ್, ಇನ್ನೊಂದು ರಬ್ಬರ್ ಪ್ಲಾಂಟ್. ನಮ್ಮೂರಲ್ಲಿ ಟ್ಯಾಪಿಂಗ್ ಮಾಡುವ ರಬ್ಬರ್ ಅಲ್ಲ, ಅದರ ಕುಲವೇ ಬೇರೆ. ಮಗಳು ತಂದ ಎರಡೂ ಫೈಕಸ್, ಅಂದರೆ ಆಲ, ಅಶ್ವತ್ಥ, ಅತ್ತಿಯ ಕುಟುಂಬದವು. ಎರಡೂ ಪ್ಲಾಸ್ಟಿಕ್ ಚಟ್ಟಿಯಲ್ಲಿ ಇದ್ದವು. ಅದರ ಹೊರಗೊಂದು ಚೆಂದದ ಬಿಳಿ ಚಟ್ಟಿ, ಅದಕ್ಕೆ ತೂತೇ ಇಲ್ಲ.

ಮಳೆ ಹಿಡಿಯಿತು. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಕಿಟಕಿ ಮುಚ್ಚಿಯೇ ಇರುತ್ತದೆ, ಒಣಗಲು ಹಾಕಿದ ಬಟ್ಟೆ ಮೂರು ದಿನವಾದರೂ ಥಂಡಿ. ಅಂಥ ಗಾಳಿಯಲ್ಲಿ ಚಟ್ಟಿಯ ಮಣ್ಣು ಹೇಗೆ ಒಣಗಬೇಕು? ನಾನು ಮಾತ್ರ ಬೇಸಿಗೆಯ ಹಾಗೆಯೇ ದಿನ ಬಿಟ್ಟು ದಿನ ಒಂದು ಚೊಂಬು ನೀರು ಹಾಕುತ್ತಿದ್ದೆ. ಎಲೆ ಜೋತುಬಿತ್ತು. ಬಾಯಾರಿಕೆ ಅಂತ ಇನ್ನೂ ಸ್ವಲ್ಪ ಹಾಕಿದೆ. ಕೆಳಗಿನ ಎಲೆಗಳಲ್ಲಿ ಕಪ್ಪು ಕಂದು ಕಲೆ ಬಂತು, ಒಂದೊಂದೇ ಉದುರಿದವು. ಅತ್ತೆ ಗುಡಿಸುವಾಗ ಹೇಳಿದರು, "ಇದರ ಬುಡದಿಂದ ಕೊಳೆತ ವಾಸನೆ ಬರ್ತಾ ಉಂಟು, ಒಮ್ಮೆ ನೋಡು."

ಮಣ್ಣು ಒದ್ದೆ ಇದ್ದೂ ಎಲೆ ಬಾಡಿದರೆ ಅದು ಬೇರಿನ ತೊಂದರೆ. ನೀರು ತುಂಬಿದ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ. ಉಸಿರು ಸಿಗದೆ ಬೇರು ಸಾಯುತ್ತದೆ. ಸತ್ತ ಬೇರಿಗೆ ಪೈಥಿಯಂ, ಫೈಟಾಫ್ತೊರಾ ಥರದ ರೋಗಾಣುಗಳು ಮುತ್ತುತ್ತವೆ, ಆಮೇಲೆ ಪಕ್ಕದ ಒಳ್ಳೆ ಬೇರಿಗೂ ಹಿಡಿಯುತ್ತವೆ. ಇವುಗಳ ಬೀಜಕಣ ನೀರಿನಲ್ಲಿ ಈಜಿಕೊಂಡು ಹೋಗುತ್ತದೆ. ಅಡಿಕೆಗೆ ಕೊಳೆರೋಗ ತರುವುದೂ ಇದೇ ಫೈಟಾಫ್ತೊರಾ ಗುಂಪಿನ ಒಂದು ಜಾತಿ. ಮಳೆ ಬಿಡದೆ ಹೊಯ್ದಾಗ ಕೊಳೆ ಯಾಕೆ ಹೆಚ್ಚುತ್ತದೆ ಅಂತ ತೋಟದವರಿಗೆ ಹೇಳಿಕೊಡಬೇಕಾ?

ಮೊದಲು ರಬ್ಬರ್ ಪ್ಲಾಂಟಿನ ಕಥೆ ಹೇಳುತ್ತೇನೆ, ಯಾಕೆಂದರೆ ಅದು ಉಳಿಯಲಿಲ್ಲ. ಅದನ್ನು ನಾನು ಚಟ್ಟಿಯಿಂದ ಕೀಳಲೇ ಇಲ್ಲ. ಎರಡು ಚಮಚ ಟ್ರೈಕೋಡರ್ಮಾ ಪುಡಿಯನ್ನು ನೀರಿನಲ್ಲಿ ಕಲಸಿ ಬುಡಕ್ಕೆ ಹೊಯ್ದೆ. ವಾರ ಬಿಟ್ಟು ಮತ್ತೊಮ್ಮೆ. ಆಗಲೇ ನೀರು ಜಾಸ್ತಿಯಾದ ಗಿಡಕ್ಕೆ ಮದ್ದಿನ ಹೆಸರಲ್ಲಿ ಮತ್ತೆ ನೀರೇ ಹೋಯಿತು. ಮೂರನೇ ವಾರ ಕಾಂಡದ ಬುಡ ಒತ್ತಿದರೆ ಬೆರಳು ಒಳಗೆ ಹೋಗುವಷ್ಟು ಮೆತ್ತಗಾಗಿತ್ತು. ಇದಕ್ಕೆ ಪುಡಿಯನ್ನು ದೂರುವುದಿಲ್ಲ. ಟ್ರೈಕೋಡರ್ಮಾ ಅನ್ನುವುದು ಜೀವ ಇರುವ ಶಿಲೀಂಧ್ರ. ಅದು ರೋಗಾಣುಗಳ ನೂಲಿನಂಥ ಎಳೆಗಳನ್ನು ಸುತ್ತಿ ತಿನ್ನುತ್ತದೆ, ಬೇರಿನ ಸುತ್ತ ಜಾಗ ಹಿಡಿದು ಕೂರುತ್ತದೆ. ಕೊಳೆತುಹೋದ ಬೇರಿಗೆ ಜೀವ ಕೊಡಲು ಅದಕ್ಕೆ ಆಗುವುದಿಲ್ಲ. ಅದಕ್ಕೂ ಗಾಳಿ ಬೇಕು.

ಫಿಡಲ್ ಲೀಫಿಗೆ ಬೇರೆ ದಾರಿ ಹಿಡಿದೆ. ಅಂಗಳದ ಬದಿಯಲ್ಲಿ ಗೋಣಿ ಹಾಸಿ ಗಿಡವನ್ನು ಚಟ್ಟಿಯಿಂದ ತೆಗೆದೆ. ಮಣ್ಣು ಪೂರ್ತಿ ತೊಳೆದೆ. ಒಳ್ಳೆ ಬೇರು ಕೆನೆ ಬಣ್ಣ, ಗಟ್ಟಿ. ಕೊಳೆತದ್ದು ಕಂದು. ಎಳೆದರೆ ಸಿಪ್ಪೆ ಕೈಗೆ ಬಂದು ಒಳಗಿನ ನೂಲು ಮಾತ್ರ ಉಳಿಯುತ್ತದೆ. ಅರ್ಧಕ್ಕಿಂತ ಜಾಸ್ತಿ ಹಾಗೇ ಇತ್ತು. ಕತ್ತರಿಯನ್ನು ಸ್ಪಿರಿಟಿನಲ್ಲಿ ಒರೆಸುತ್ತಾ ಒಂದೊಂದಾಗಿ ಕತ್ತರಿಸಿದೆ, ಬಿಳಿ ಕಾಣುವವರೆಗೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಫೈಕಸ್ಸಿನ ಹಾಲು ಮೈಗೆ ತಾಗಿದರೆ ತುರಿಸುತ್ತದೆ. ಬೇರು ಕಮ್ಮಿಯಾದ ಲೆಕ್ಕಕ್ಕೆ ಮೇಲಿನ ನಾಲ್ಕು ಎಲೆಯನ್ನೂ ತೆಗೆದೆ. ನೆರಳಲ್ಲಿ ಒಂದು ಗಂಟೆ ಆರಲು ಬಿಟ್ಟು, ಉಳಿದ ಬೇರಿಗೆ ಒಣ ಪುಡಿಯನ್ನೇ ಸವರಿದೆ.

ಚಟ್ಟಿ ಬದಲಾಯಿಸಿದ್ದು ಪುಡಿಯಷ್ಟೇ ಕೆಲಸ ಮಾಡಿದೆ ಅಂತ ನನ್ನ ನಂಬಿಕೆ. ಸುಟ್ಟ ಮಣ್ಣಿನ ಚಟ್ಟಿ, ಬಣ್ಣ ಬಳಿಯದ್ದು, ಬೇರಿನ ಉಂಡೆಗಿಂತ ಎರಡು ಬೆರಳು ಮಾತ್ರ ದೊಡ್ಡದು. ದೊಡ್ಡ ಚಟ್ಟಿಗೆ ಹಾಕಿದರೆ ಬೇರು ಮುಟ್ಟದ ಮಣ್ಣಿನಲ್ಲಿ ನೀರು ನಿಲ್ಲುತ್ತದೆ. ಒಳಗೆ ತೊಳೆದ ತೆಂಗಿನ ನಾರಿನ ಪುಡಿ ಎರಡು ಪಾಲು, ಹೊಳೆಯ ಹೊಯಿಗೆ (ಮರಳು) ಒಂದು ಪಾಲು, ಗೆರಟೆ ಇದ್ದಲಿನ ಚೂರು ಒಂದು ಪಾಲು, ಹಳೆಯ ಸೆಗಣಿ ಗೊಬ್ಬರ ಅರ್ಧ ಪಾಲು. ನಾರಿನ ಪುಡಿಯನ್ನು ಎರಡು ಮೂರು ಸಲ ತೊಳೆಯಲೇಬೇಕು, ಉಪ್ಪು ಇರುತ್ತದೆ. ಇದೇ ಕಾರಣಕ್ಕೆ ಕಡಲ ಕರೆಯ ಹೊಯಿಗೆ ಬೇಡ. ಅಡಿಯಲ್ಲಿ ಮುರಕಲ್ಲಿನ ಚೂರು ಹಾಕಿದರೆ ನೀರು ಬೇಗ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜ ಹಾಗಿಲ್ಲ. ನೀರು ಕಲ್ಲಿನ ಮೇಲಿನ ಮಣ್ಣಲ್ಲೇ ನಿಲ್ಲುತ್ತದೆ, ಒದ್ದೆ ಪದರ ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ತೂತಿನ ಮೇಲೆ ಒಂದು ಓಡಿನ ಚೂರು ಸಾಕು.

ಎಂಟು ವಾರ ಗೊಬ್ಬರ ಹಾಕಲಿಲ್ಲ. ಬೆಳಕು ಬರುವ ಪೂರ್ವದ ಕಿಟಕಿಯ ಹತ್ತಿರ ಇಟ್ಟೆ. ಹಿಡಿಸೂಡಿಯ ಕಡ್ಡಿಯನ್ನು ಆಳಕ್ಕೆ ಚುಚ್ಚಿ ತೆಗೆಯುತ್ತಿದ್ದೆ. ಕಡ್ಡಿಗೆ ಮಣ್ಣು ಅಂಟಿದರೆ ಆ ದಿನ ನೀರಿಲ್ಲ. ಮಳೆಗಾಲದಲ್ಲಿ ಕೆಲವು ಸಲ ಹನ್ನೆರಡು ದಿನ ನೀರೇ ಬೇಕಾಗಲಿಲ್ಲ. ಅಕ್ಟೋಬರ್ ಕೊನೆಗೆ ತುದಿಯಲ್ಲಿ ಕೆಂಪು ಮೊಗ್ಗೊಡೆಯಿತು. ಆ ಸಂತೋಷ ಎಷ್ಟು ಅಂದರೆ ಕೆಲಸದಲ್ಲಿದ್ದ ಮಗಳಿಗೆ ಆಗಲೇ ವಿಡಿಯೋ ಕಾಲ್ ಮಾಡಿ ತೋರಿಸಿದೆ.

ಆಮೇಲೆ ಈ ಪುಡಿಯನ್ನು ಬಳಸುತ್ತಿರುವುದು ಕಾಯಿಲೆ ಬಾರದ ಹಾಗೆ ನೋಡಿಕೊಳ್ಳಲು. ಮೇ ಕೊನೆಗೆ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ. ತೋಟಕ್ಕೆ ಯಜಮಾನರು 90 ಕಿಲೋ ಸೆಗಣಿ ಗೊಬ್ಬರ, 10 ಕಿಲೋ ಬೇವಿನ ಹಿಂಡಿ, 1 ಕಿಲೋ ಪುಡಿ ಸೇರಿಸಿ, ನೀರು ಚಿಮುಕಿಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿ ಹದಿನೈದು ದಿನ ಇಡುತ್ತಾರೆ. ಅದರಿಂದಲೇ ಎರಡು ಹಿಡಿ ನನ್ನ ಚಟ್ಟಿಗೆ. ಮೇಲೆ ಹಸಿರು ಬೂಷ್ಟು ಬಂದರೆ ಹೆದರಬೇಡಿ, ಅದೇ ಟ್ರೈಕೋಡರ್ಮಾ. ಪುಡಿಯನ್ನು ಹಾಗೇ ಉದುರಿಸುವುದಕ್ಕಿಂತ ಹೀಗೆ ಹೆಚ್ಚಿಸಿ ಹಾಕಿದ್ದೇ ಒಳ್ಳೆಯದು ಅನ್ನಿಸಿದೆ. ಇಲ್ಲೇ ಕಾಸರಗೋಡಿನ ಕೂಡ್ಲಿನಲ್ಲಿರುವ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು (ಸಿಪಿಸಿಆರ್‌ಐ) ತೆಂಗಿನ ರೋಗಗಳಿಗೆ ನಾರಿನ ಪುಡಿಯಲ್ಲೇ ಟ್ರೈಕೋಡರ್ಮಾ ಬೆಳೆಸಿ ಬಿಲ್ಲೆ ಮಾಡಿದ್ದಾರೆ. ನಾರಿನ ಪುಡಿಗೂ ಇದಕ್ಕೂ ಹೊಂದುತ್ತದೆ ಅನ್ನುವ ಧೈರ್ಯ ನನಗೆ ಬಂದದ್ದು ಅದರಿಂದ.

ಒಂದು ಅಂಕ ಕಮ್ಮಿ ಮಾಡಲು ಕಾರಣ ಇದೆ. 2024ರಲ್ಲಿ ಒಂದು ಅಂಗಡಿಯಲ್ಲಿ ಕೊಂಡ ಪ್ಯಾಕೆಟ್ ಬಿಸಿಲು ಬೀಳುವ ಕಪಾಟಿನಲ್ಲಿತ್ತು, ಅವಧಿ ಮುಗಿಯಲು ಮೂರು ವಾರ ಇತ್ತು. ನಾನು ನೋಡದೆ ತಂದೆ. ಗೊಬ್ಬರದಲ್ಲಿ ಕಲಸಿ ಇಟ್ಟರೆ ಹಸಿರೇ ಬರಲಿಲ್ಲ. ಒಳಗಿನ ಜೀವ ಸತ್ತಿದ್ದರೂ ಹೊರಗೆ ಪುಡಿ ಒಂದೇ ಥರ ಕಾಣುತ್ತದೆ, ಅದೇ ಕಷ್ಟ. ಗ್ರಾಂಗೆ ಕನಿಷ್ಠ 20 ಲಕ್ಷ ಜೀವಂತ ಕಣ ಅನ್ನುವ ಲೆಕ್ಕ, ತಯಾರಾದ ತಿಂಗಳು, ಎರಡನ್ನೂ ಓದಿ ಕೊಳ್ಳಿ. ಪ್ಯಾಕೆಟಿನಲ್ಲಿ ಬಳಸುವ ಕ್ರಮ ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಗಡಿಯಲ್ಲಿ ಮಾರುವವರು ಕನ್ನಡದಲ್ಲೂ ನಾಲ್ಕು ಸಾಲು ಹಾಕಿದರೆ ಅತ್ತೆಯಂಥವರು ತಾವೇ ಓದಿಕೊಳ್ಳುತ್ತಾರೆ.

ಇನ್ನೊಂದು ಮಾತು. ಅಡಿಕೆಗೆ ಮದ್ದು ಬಿಡುವ ಮನೆಯವರು ಗಮನಿಸಿ. ಮೈಲುತುತ್ತು, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು, ಬಕೆಟ್ಟಿನಲ್ಲಿ ಈ ಪುಡಿ ಕಲಸಬೇಡಿ. ಮೈಲುತುತ್ತು ಶಿಲೀಂಧ್ರವನ್ನು ಕೊಲ್ಲುತ್ತದೆ, ಇದೂ ಶಿಲೀಂಧ್ರವೇ ಅಲ್ವಾ. ನಾನು ಚಟ್ಟಿಗಳಿಗೆಂದೇ ಒಂದು ಹಳೆ ಚೊಂಬು ಬೇರೆ ಇಟ್ಟಿದ್ದೇನೆ.

ಫಿಡಲ್ ಲೀಫ್ ಈಗ ನನ್ನ ಭುಜದ ಎತ್ತರ ಇದೆ. ಈ ಮಳೆಗಾಲದಲ್ಲಿ ಉದುರಿದ್ದು ಎರಡೇ ಎಲೆ, ಅದೂ ಹಣ್ಣಾಗಿ. ಮೊನ್ನೆ ಹೊಸ ರಬ್ಬರ್ ಪ್ಲಾಂಟ್ ಒಂದನ್ನು ತಂದೆವು. ಬಂದ ದಿನವೇ ಹೊರಗಿನ ಬಿಳಿ ಚಟ್ಟಿಯನ್ನು ತೆಗೆದು ಅತ್ತೆಗೆ ಅಕ್ಕಿ ಅಳೆದಿಡಲು ಕೊಟ್ಟೆ.