ನಾಲ್ಕಡಿ ಟ್ಯಾಂಕಿಗೆ ಯಾವ ಫಿಲ್ಟರ್? ಮಳೆಗಾಲದಲ್ಲಿ ಕರೆಂಟು ಹೋಗುವ ಊರಿನಿಂದ ಒಂದು ಹೋಲಿಕೆ

ನಮ್ಮನೆ ಮೀನಿನ ಟ್ಯಾಂಕು ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರ. ಹತ್ತಿರಹತ್ತಿರ 300 ಲೀಟರ್ ನೀರು, ಅದರಲ್ಲಿ ಎರಡು ಆಸ್ಕರ್ ಮೀನು. ಆಸ್ಕರ್ ಸಾಕಿದವರಿಗೆ ಗೊತ್ತು, ಬೆಳೆದ ಮೇಲೆ ಅವು ತಿನ್ನುವುದೂ ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ. ಶೆಟ್ಲಿ (ಸಿಗಡಿ) ಹಾಕಿದ ದಿನವಂತೂ ಸಂಜೆವರೆಗೂ ನೀರಿನಲ್ಲಿ ಸಿಪ್ಪೆ ತೇಲುತ್ತಿರುತ್ತದೆ. ಇದೇ ಟ್ಯಾಂಕಿಗೆ ಟಾಪ್ ಫಿಲ್ಟರ್, ಕ್ಯಾನಿಸ್ಟರ್, ಸಂಪ್ ಮೂರನ್ನೂ ಒಂದಾದ ಮೇಲೆ ಒಂದು ಕಟ್ಟಿ ನೋಡಿದ್ದೇನೆ. ಜೊತೆಗೆ ಒಂದು ಸ್ಪಾಂಜ್ ಫಿಲ್ಟರ್.

ಅಂಗಡಿಯಲ್ಲಿ ಮೊದಲು ಹೇಳುವುದು ಗಂಟೆಗೆ ಎಷ್ಟು ಲೀಟರ್ ಎಳೆಯುತ್ತದೆ ಅಂತ. ಕುಮಟೆಯಲ್ಲಿರುವ ನಾನು ಈಗ ಕೇಳುವುದೇ ಬೇರೆ. ಜುಲೈ ತಿಂಗಳಲ್ಲಿ ತಂತಿ ಮೇಲೆ ಮರ ಬಿದ್ದು ರಾತ್ರಿಯಿಡೀ ಕರೆಂಟು ಇಲ್ಲದಿದ್ದರೆ ಈ ಫಿಲ್ಟರಿನ ಒಳಗೆ ಏನಾಗುತ್ತದೆ?

ಫಿಲ್ಟರ್ ಅಂದರೆ ಬರೀ ಕಸ ಹಿಡಿಯುವ ಜಾಲರಿ ಅಲ್ಲ. ಮೀನಿನ ಕಿವಿರಿನಿಂದ, ಹೊಲಸಿನಿಂದ, ಉಳಿದ ತಿಂಡಿಯಿಂದ ಅಮೋನಿಯಾ ಬರುತ್ತದೆ. ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ಮೀನಿಗೆ ವಿಷ. ನೈಟ್ರೇಟನ್ನು ವಾರವಾರ ಒಂದಿಷ್ಟು ನೀರು ಬದಲಿಸಿ ಹತೋಟಿಯಲ್ಲಿ ಇಡಬಹುದು. ಹೊಸ ಫಿಲ್ಟರಿನಲ್ಲಿ ಈ ಬ್ಯಾಕ್ಟೀರಿಯಾ ಬೆಳೆದು ನಿಲ್ಲಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅವಕ್ಕೂ ಉಸಿರಾಡಲು ಆಮ್ಲಜನಕ ಬೇಕು.

ಟಾಪ್ ಫಿಲ್ಟರ್ ಅಂದರೆ ಟ್ಯಾಂಕಿನ ಮೇಲೆ ಕೂರುವ, ಹತ್ತಿ ಹಾಸಿದ ಟ್ರೇ; ಪಂಪು ನೀರನ್ನು ಅದಕ್ಕೆ ಎತ್ತುತ್ತದೆ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಗ್ಗ, ತೊಳೆಯಲು ಸುಲಭ. ಕರೆಂಟು ಹೋದರೆ ನೀರು ಇಳಿದುಹೋಗಿ ಟ್ರೇ ಒದ್ದೆಯಾಗಿಯೇ ಗಾಳಿಯಲ್ಲಿ ಇರುತ್ತದೆ, ಬ್ಯಾಕ್ಟೀರಿಯಾಕ್ಕೆ ತೊಂದರೆ ಇಲ್ಲ. ಆದರೆ ಟ್ರೇ ತೀರಾ ಚಿಕ್ಕದು. ಆಸ್ಕರ್ ಮರಿಗಳಿದ್ದಾಗ ಸಾಕಾಗಿತ್ತು, ಒಂದು ಗೇಣು ಬೆಳೆದ ಮೇಲೆ ಮೂರು ದಿನಕ್ಕೊಮ್ಮೆ ಹತ್ತಿ ಕಟ್ಟಿಕೊಳ್ಳತೊಡಗಿತು.

ಆಮೇಲೆ ಕ್ಯಾನಿಸ್ಟರ್ ತಂದೆ, ಮುಚ್ಚಿದ ಡಬ್ಬದೊಳಗೆ ನೀರು ಹಾಯಿಸಿ ಸೋಸುವಂಥದು. ನೋಡಲು ಚೆಂದ, ಸದ್ದಿಲ್ಲ, ಸ್ಟ್ಯಾಂಡಿನ ಒಳಗೆ ಕೂತರೆ ಇದೆ ಅಂತಲೂ ಗೊತ್ತಾಗುವುದಿಲ್ಲ. ಡಬ್ಬದ ಮೇಲೆ ಗಂಟೆಗೆ 1400 ಲೀಟರ್ ಎಂದಿತ್ತು. ಬ್ಯಾಕ್ಟೀರಿಯಾ ನೆಲೆಸುವ ಸೆರಾಮಿಕ್ ರಿಂಗ್, ಸ್ಪಾಂಜ್ ಎಲ್ಲ ತುಂಬಿಸಿ, ನೀರು ಬೀಳುವ ಪೈಪಿನ ಬಾಯಿಗೆ 10 ಲೀಟರಿನ ಬಕೆಟ್ ಹಿಡಿದೆ. ತುಂಬಲು 42 ಸೆಕೆಂಡ್ ಬೇಕಾಯಿತು. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 850 ಲೀಟರ್. ಡಬ್ಬದ ಮೇಲಿನ ಲೆಕ್ಕ ಒಳಗೆ ಏನೂ ತುಂಬದೆ, ನೀರನ್ನು ಮೇಲಕ್ಕೆ ಎತ್ತದೆ ಮಾಡಿದ್ದು. ಕೊಳ್ಳುವಾಗ ಅದರಲ್ಲಿ ಮೂರರಲ್ಲೊಂದು ಪಾಲಾದರೂ ಕಡಿಮೆ ಅಂತಲೇ ಇಟ್ಟುಕೊಳ್ಳಿ. ಆದರೂ ವರ್ಷಪೂರ್ತಿ ನೀರು ಗಾಜಿನ ಹಾಗೆ ಇತ್ತು, ಅದನ್ನು ಹೇಳಲೇಬೇಕು.

ಆ ಮಳೆಗಾಲದಲ್ಲಿ ಒಂದು ರಾತ್ರಿ ಹತ್ತಕ್ಕೆ ಹೋದ ಕರೆಂಟು ಮರುದಿನ ಮಧ್ಯಾಹ್ನ ಬಂತು. ಫಿಲ್ಟರ್ ತಾನಾಗಿ ಶುರುವಾಯಿತು. ಸ್ವಲ್ಪ ಹೊತ್ತಿಗೆ ಅಮ್ಮ ಕೂಗಿದರು, "ಮೀನು ಮೇಲೆ ಬಂದು ಬಾಯಿ ಬಿಡ್ತಾ ಇವೆ ನೋಡೋ." ಓಡಿಬಂದು ಪ್ಲಗ್ ಕಿತ್ತು ಕ್ಯಾನಿಸ್ಟರಿನ ಮುಚ್ಚಳ ತೆಗೆದೆ. ಕೊಳೆತ ಮೊಟ್ಟೆಯ ವಾಸನೆ, ಒಳಗೆ ಕಪ್ಪು ನೀರು. ಮುಚ್ಚಿದ ಡಬ್ಬ ಅಲ್ವಾ, ನೀರಿನ ಓಡಾಟ ನಿಂತ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಮುಗಿದಿದೆ. ಬ್ಯಾಕ್ಟೀರಿಯಾ ಸತ್ತು ಕೊಳೆತಿವೆ, ಅದೇ ಕೊಳೆನೀರು ಟ್ಯಾಂಕಿಗೆ ಹೋಗಿದೆ. ಬಾವಿಯಿಂದ ಕೊಡ ಕೊಡ ನೀರು ಸೇದಿ ಅರ್ಧ ಟ್ಯಾಂಕು ಬದಲಿಸಿದೆ. ಮೀನು ಉಳಿದವು. ಅಮೋನಿಯಾ ಸೊನ್ನೆಗೆ ಬರಲು ಮಾತ್ರ ತಿಂಗಳೇ ಹಿಡಿಯಿತು. ಕ್ಯಾನಿಸ್ಟರ್ ಇರುವವರಿಗೆ ನನ್ನ ಕಳಕಳಿಯ ಮಾತು: ಕರೆಂಟು ಮೂರ್ನಾಲ್ಕು ಗಂಟೆ ಹೋಗಿದ್ದರೆ ಪ್ಲಗ್ ತೆಗೆದಿಡಿ. ಬಿಚ್ಚಿ, ಒಳಗಿನ ನೀರು ಚೆಲ್ಲಿ, ರಿಂಗುಗಳನ್ನು ಟ್ಯಾಂಕಿನ ನೀರಲ್ಲೇ ಜಾಲಿಸಿ ಆಮೇಲೆ ಹಾಕಿ. ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ತೊಳೆಯಬೇಡಿ, ಉಳಿದ ಬ್ಯಾಕ್ಟೀರಿಯಾವೂ ಹೋಗುತ್ತವೆ.

ಈಗ ಇರುವುದು ಸಂಪ್. ಅಂಗಳದಲ್ಲಿ ಹೂತ ಸಂಪ್ ಅಲ್ಲ, ಟ್ಯಾಂಕಿನ ಕೆಳಗೆ ಇಡುವ ಇನ್ನೊಂದು ಗಾಜಿನ ಟ್ಯಾಂಕು. ಮೇಲಿನ ನೀರು ಓವರ್‌ಫ್ಲೋ ಪೈಪಿನಲ್ಲಿ ಇಳಿದು, ಮೂರು ಖಾನೆ ದಾಟಿ, ಪಂಪಿನಿಂದ ಮತ್ತೆ ಮೇಲೇರುತ್ತದೆ. ಗಾಜಿನ ಅಂಗಡಿಯಲ್ಲಿ 100 ಲೀಟರಿನದು ಮಾಡಿಸಿದೆ. ಪಂಪು ಸೇರಿಸಿಯೂ ಕ್ಯಾನಿಸ್ಟರಿಗೆ ಕೊಟ್ಟ ದುಡ್ಡು ಆಗಲಿಲ್ಲ. ನಡುವಿನ ಖಾನೆಗೆ ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಸ್ಕ್ರಬ್ಬರ್ ತುಂಬಿಸಿದ್ದೇನೆ, ಬ್ಯಾಕ್ಟೀರಿಯಾಕ್ಕೆ ನೆಲೆ ಕೊಡುವ ದುಬಾರಿ ಪ್ಲಾಸ್ಟಿಕ್ ಚೆಂಡು, ಬಯೋಬಾಲ್, ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಬಾಯಿ ತೆರೆದ ಟ್ಯಾಂಕಾದ್ದರಿಂದ ಕರೆಂಟು ಹೋದರೂ ಕ್ಯಾನಿಸ್ಟರಿನ ಹಾಗೆ ಉಸಿರು ಕಟ್ಟುವುದಿಲ್ಲ.

ಇದರ ಅಪಾಯ ಬೇರೆ. ಮೊದಲ ವಾರವೇ ಕರೆಂಟು ಹೋದಾಗ ನಡುಮನೆ ತುಂಬ ನೀರು. ಮೇಲೆ ನೀರು ಬಿಡುವ ಪೈಪಿನ ಬಾಯಿ ನಾಲ್ಕಿಂಚು ಮುಳುಗಿತ್ತು. ಪಂಪ್ ನಿಂತದ್ದೇ ತಡ, ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಇಳಿಯಿತು. ನನ್ನ ಟ್ಯಾಂಕಿನಲ್ಲಿ ಒಂದಿಂಚು ನೀರು ಅಂದರೆ ಸುಮಾರು 13 ಲೀಟರ್, ನಾಲ್ಕಿಂಚಿಗೆ 50ಕ್ಕೂ ಜಾಸ್ತಿ. ಸಂಪಿನಲ್ಲಿ ಉಳಿದಿದ್ದ ಜಾಗ 40 ಲೀಟರಿನದು. ಆ ಪೈಪಿಗೆ ನೀರಿನ ಮಟ್ಟಕ್ಕಿಂತ ಚೂರೇ ಕೆಳಗೆ ಒಂದು ಸಣ್ಣ ತೂತು ಹೊಡೆದೆ. ನೀರು ಅಲ್ಲಿಯವರೆಗೆ ಇಳಿದರೆ ತೂತಿನಿಂದ ಗಾಳಿ ಎಳೆದು ಹರಿವು ನಿಲ್ಲುತ್ತದೆ. ಆಮೇಲೆ ಪಂಪನ್ನು ಬೇಕಂತಲೇ ನಿಲ್ಲಿಸಿ, ಸಂಪಿನಲ್ಲಿ ನೀರು ಎಲ್ಲಿಗೆ ಏರಿ ನಿಲ್ಲುತ್ತದೆ ನೋಡಿ ಅಲ್ಲಿ ಕೆಂಪು ಟೇಪ್ ಅಂಟಿಸಿದೆ.

ಸಂಪಿನಲ್ಲಿ ನನಗೆ ಸಿಕ್ಕ ಇನ್ನೊಂದು ಅನುಕೂಲ ಬಳಚಿನ (ತಿನ್ನುವ ಚಿಪ್ಪುಮೀನು) ಚಿಪ್ಪು. ನಮ್ಮ ಬಾವಿ ನೀರು ತೀರಾ ಮೆದು, ಸುಣ್ಣದ ಅಂಶ ಕಡಿಮೆ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ನೀರಿನ ಕ್ಷಾರವನ್ನೂ ಖರ್ಚು ಮಾಡುತ್ತವೆ. ಅದು ಮುಗಿದರೆ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಸರ್ರನೆ ಇಳಿದು ಅವುಗಳ ಕೆಲಸವೇ ನಿಧಾನವಾಗುತ್ತದೆ. ಅಘನಾಶಿನಿಯ ಬಳಚು ಸಾರಿಗಾದ ಮೇಲೆ ಚಿಪ್ಪನ್ನು ಕುದಿಸಿ, ಬಿಸಿಲಿಗೆ ಒಣಗಿಸಿ, ಬಲೆಚೀಲದಲ್ಲಿ ಕಟ್ಟಿ ಸಂಪಿಗೆ ಬಿಟ್ಟಿದ್ದೇನೆ. ಸುಣ್ಣದ ಅಂಶ ನಿಧಾನ ಕರಗುತ್ತದೆ, ಪಿಎಚ್ ಏಳರ ಆಸುಪಾಸಿನಲ್ಲಿ ನಿಂತಿದೆ. ಕ್ಯಾನಿಸ್ಟರಿಗೂ ಹಾಕಬಹುದು, ಆದರೆ ಪ್ರತಿಸಲ ಬಿಚ್ಚಬೇಕು.

ಏರ್ ಪಂಪಿನ ಗುಳ್ಳೆಗಳಿಂದ ಸ್ಪಾಂಜಿನ ಮೂಲಕ ನೀರೆಳೆಯುವ ಸ್ಪಾಂಜ್ ಫಿಲ್ಟರ್ ಒಂದರಿಂದಲೇ ದೊಡ್ಡ ಆಸ್ಕರ್ ಸಾಕಲು ಆಗುವುದಿಲ್ಲ, ಆದರೆ ಮೂಲೆಯಲ್ಲಿ ಒಂದು ಇರಲೇಬೇಕು. ಅದರ ಏರ್ ಪಂಪಿಗೆ ನಾಲ್ಕೈದು ವಾಟ್ ಸಾಕು, ಚಿಕ್ಕ ಬ್ಯಾಟರಿಯೇ ರಾತ್ರಿ ತಳ್ಳುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲದಿದ್ದರೆ ನಿಂತಾಗ ನೀರು ಅದರೊಳಗೆ ಇಳಿಯುತ್ತದೆ.

ಶಿರಸಿಯ ಗೆಳೆಯ ಮಾತ್ರ ಕ್ಯಾನಿಸ್ಟರ್ ಬಿಡುವುದಿಲ್ಲ. ಅವನದು ಗಿಡಗಳ ಟ್ಯಾಂಕು, ಗಿಡಕ್ಕೆ ಬಿಡುವ ಕಾರ್ಬನ್ ಡೈಆಕ್ಸೈಡ್ ಸಂಪಿನಲ್ಲಿ ಗಾಳಿಗೆ ಹೋಗಿಬಿಡುತ್ತದೆ. ಅವನು ಮಾಡಿದ್ದು ಸರಿಯೇ, ಮನೆಗೆ ದೊಡ್ಡ ಇನ್ವರ್ಟರೂ ಇದೆ. ಟ್ಯಾಂಕಿನ ಕೆಳಗೆ ಜಾಗ ಇಲ್ಲದವರಿಗೂ ಅದೇ ದಾರಿ. ಇನ್ವರ್ಟರ್ ಇಲ್ಲದೆ, ದೊಡ್ಡ ಮೀನು ಸಾಕುವವರಿಗೆ ನಾನು ಹೇಳುವುದು ಸಂಪ್.

ಮೇ ಕೊನೆಯಲ್ಲಿ ಒಂದು ಸಲ ಪಂಪ್ ನಿಲ್ಲಿಸಿ ಕೆಂಪು ಟೇಪಿನ ಹತ್ತಿರ ಕೂತು ನೋಡುತ್ತೇನೆ. ಹೋದ ಸಲ ನೀರು ಟೇಪು ದಾಟಿ ಎರಡು ಬೆರಳು ಮೇಲೇರಿತು. ಪೈಪಿನ ತೂತಿಗೆ ಪಾಚಿ ಕಟ್ಟಿತ್ತು, ಹಿಡಿಕಡ್ಡಿ ಹಾಕಿ ತೆಗೆದೆ.