ಮಲ್ಪೆಯ ವಯರ್‌ಲೆಸ್ ರಿಪೇರಿ ಅಂಗಡಿ: ಹ್ಯಾಮ್ ಸೆಟ್ಟಿನ ನಾಬ್ ಸರಿಯಾಯಿತು, ಬಿಲ್ ಮಾತ್ರ ಸಿಗಲಿಲ್ಲ

ಈ ಅಂಗಡಿಗೆ ಬೋರ್ಡಿಲ್ಲ. ಶಟರಿನ ಮೇಲೆ ಬಣ್ಣದಲ್ಲಿ ‘ವಯರ್‌ಲೆಸ್, ಜಿಪಿಎಸ್, ಫಿಶ್ ಫೈಂಡರ್ ರಿಪೇರಿ’ ಎಂದು ಬರೆದಿದೆ, ಅಷ್ಟೇ. ಮಲ್ಪೆ ಬಸ್ ಸ್ಟ್ಯಾಂಡಿನಿಂದ ಬಂದರಿನ ಕಡೆ ನಡೆದರೆ ಬಲೆ, ಹಗ್ಗ ಮಾರುವ ಅಂಗಡಿಗಳ ನಡುವೆ ಸಿಗುತ್ತದೆ. ನಡೆಸುವವರ ಹೆಸರು ಬರೆಯುವುದಿಲ್ಲ. “ಬರೀಬೇಡಿ ಟೀಚರೇ, ಈಗಲೇ ಕೈ ತುಂಬ ಕೆಲಸ ಉಂಟು” ಅಂದಿದ್ದಾರೆ. ಅವರದ್ದು ಮುಖ್ಯವಾಗಿ ಬೋಟಿನ ಸೆಟ್ಟುಗಳ ಕೆಲಸ. ಹ್ಯಾಮ್ ಸೆಟ್, ಅಂದರೆ ಹವ್ಯಾಸಿ ರೇಡಿಯೊದವರ ಸೆಟ್, ಹಿಡಿದುಕೊಂಡು ಅಲ್ಲಿಗೆ ಹೋದ ಮೊದಲನೆಯವಳು ನಾನೇ ಇರಬೇಕು.

ನನ್ನದು ಜಪಾನಿನ ಹಳೆಯ ಎಚ್‌ಎಫ್ (ಶಾರ್ಟ್‌ವೇವ್) ಟ್ರಾನ್ಸೀವರ್, ಕಳುಹಿಸುವುದು ಕೇಳುವುದು ಎರಡೂ ಒಂದರಲ್ಲೇ. ನೂರು ವ್ಯಾಟಿನದ್ದು, ಸೆಕೆಂಡ್ ಹ್ಯಾಂಡ್. ಕಲ್ಯಾಣಪುರದ ಮನೆಯ ಹಿತ್ತಿಲಲ್ಲಿ ಎರಡು ತೆಂಗಿನ ಮರಗಳ ನಡುವೆ ಇಪ್ಪತ್ತು ಮೀಟರ್ ತಂತಿ ಕಟ್ಟಿದ್ದೇನೆ. 40 ಮೀಟರ್ ಬ್ಯಾಂಡಿನ ಡೈಪೋಲ್ ಆಂಟೆನಾಗೆ ತರಂಗದ ಅರ್ಧ, ಅಂದರೆ ಸುಮಾರು ಅಷ್ಟು ಉದ್ದ ಬೇಕು. ಬೆಳಿಗ್ಗೆ ಚಾ ಕುಡಿಯುತ್ತಾ ಅದೇ ಬ್ಯಾಂಡಿನ 7 ಮೆಗಾಹರ್ಟ್ಜ್‌ನಲ್ಲಿ ಕೂತರೆ ಕೇರಳದವರು, ತಮಿಳುನಾಡಿನವರು, ಬೆಂಗಳೂರಿನವರು ಸಿಗುತ್ತಾರೆ. ನಿವೃತ್ತಿ ಆದ ಮೇಲೆ ನನ್ನ ಸ್ಟಾಫ್ ರೂಮ್ ಅದೇ.

ಕಳೆದ ವರ್ಷದ ಮಳೆಗಾಲದಲ್ಲಿ ದೊಡ್ಡ ಟ್ಯೂನಿಂಗ್ ನಾಬ್ ಕೈ ಕೊಟ್ಟಿತು. ಮೊದಲು ಬೆಳಗಿನ ಹೊತ್ತು ಬಿಗಿ. ಆಮೇಲೆ ಬಲಕ್ಕೆ ತಿರುಗಿಸಿದರೆ ಅಂಕಿ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಜೋರಾಗಿ ತಿರುಗಿಸಿದರೆ ಒಮ್ಮೆಲೇ ಎಲ್ಲಿಗೋ ಹಾರುತ್ತಿತ್ತು. ಅದರ ಪಕ್ಕದ ಮೆಮೊರಿ ಚಾನೆಲ್ ಆರಿಸುವ ಸಣ್ಣ ನಾಬೂ ಮನಸ್ಸು ಬಂದಂತೆ ಓಡಾಡಲು ಶುರು ಮಾಡಿತು.

ಇದೆಂತ ದೊಡ್ಡ ವಿಷಯ ಅಂತ ಮನೆಯವರು ಕೇಳಿದರು. ಮಾಮೂಲಿ ರೇಡಿಯೊ ಆದರೆ ದೊಡ್ಡ ವಿಷಯ ಅಲ್ಲ. ಹಿಂದೆ ಮಂಗಳೂರು ಆಕಾಶವಾಣಿ ಹಾಕಬೇಕಾದರೆ ಮುಳ್ಳನ್ನು 1089ರ ಆಸುಪಾಸಿಗೆ ತಂದರೆ ಸಾಕಿತ್ತು, ಚೂರು ಆಚೆ ಈಚೆ ಆದರೂ ವಾರ್ತೆ ಕೇಳುತ್ತಿತ್ತು. ನಾವು ಬಳಸುವ ಸಿಂಗಲ್ ಸೈಡ್‌ಬ್ಯಾಂಡ್ ಹಾಗಲ್ಲ. ಅದರಲ್ಲಿ ಕ್ಯಾರಿಯರ್ (ದನಿಯನ್ನು ಹೊರುವ ಮೂಲ ಅಲೆ) ಕಳುಹಿಸುವುದೇ ಇಲ್ಲ, ಕೇಳುವವರ ಸೆಟ್ಟೇ ಅದನ್ನು ಸೇರಿಸಿಕೊಳ್ಳಬೇಕು. ನೂರಿನ್ನೂರು ಹರ್ಟ್ಜ್ ತಪ್ಪಿದರೆ ದನಿಯ ಎಲ್ಲ ಸ್ವರಗಳೂ ಅಷ್ಟಷ್ಟೇ ಸರಿಯುತ್ತವೆ. ಒಳ್ಳೆ ಗಂಭೀರ ದನಿಯ ಮನುಷ್ಯ ಬಾತುಕೋಳಿಯ ಹಾಗೆ ಮಾತಾಡುತ್ತಾನೆ. ಹಾಗಾಗಿ ನಾಬ್ ಹತ್ತಿಪ್ಪತ್ತು ಹರ್ಟ್ಜ್ ಲೆಕ್ಕದಲ್ಲಿ ನಯವಾಗಿ ನಡೆಯಲೇಬೇಕು.

ಮಲ್ಪೆಗೆ ಹೋಗುವ ಮೊದಲು ಬೇರೆ ಊರಿನ ಒಂದು ಸರ್ವಿಸ್ ಸೆಂಟರಿಗೆ ಫೋನ್ ಮಾಡಿದ್ದೆ. ಸೆಟ್ ನೋಡದೆಯೇ “ಫ್ರಂಟ್ ಪ್ಯಾನೆಲ್ ಪೂರ್ತಿ ಬದಲಿಸಬೇಕು” ಅಂದರು. ಹೇಳಿದ ರೇಟಿಗೆ ಇನ್ನೊಂದು ಸೆಕೆಂಡ್ ಹ್ಯಾಂಡ್ ಸೆಟ್ಟಿನ ಅರ್ಧ ದುಡ್ಡು ಆಗುತ್ತಿತ್ತು. ಪೇಟೆಯ ಒಂದು ಟಿವಿ ರಿಪೇರಿ ಅಂಗಡಿಯವರು ಡಬ್ಬದ ಸ್ಪ್ರೇ ಹಿಡಿದುಕೊಂಡೇ ಎದ್ದು ಬಂದರು. ಸೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದೆ.

ಮಲ್ಪೆಯವರು ಮೊದಲು ಕೇಳಿದ್ದು ಲೈಸೆನ್ಸ್. ಇದು ನನಗೆ ಇಷ್ಟವಾಯಿತು. ಬಂದರಿನಲ್ಲಿ ಕರಾವಳಿ ಕಾವಲು ಪೊಲೀಸರು ಇದ್ದಾರೆ, ವಯರ್‌ಲೆಸ್ ಸೆಟ್ ಯಾರದ್ದು ಎಂತದ್ದು ಅಂತ ಕೇಳಿದರೆ ಅಂಗಡಿಯವರ ಹತ್ತಿರವೂ ಉತ್ತರ ಇರಬೇಕಲ್ವಾ? ದೂರಸಂಪರ್ಕ ಇಲಾಖೆಯ ಲೈಸೆನ್ಸಿನ ಜೆರಾಕ್ಸ್ ಕೊಟ್ಟೆ. ವಿಯು2ರಿಂದ ಶುರುವಾಗುವ ನನ್ನ ಕಾಲ್‌ಸೈನನ್ನು (ರೇಡಿಯೊದಲ್ಲಿ ನನ್ನ ಗುರುತಿನ ಹೆಸರು) ಸೆಟ್ಟಿಗೆ ಕಟ್ಟುವ ಚೀಟಿಯ ಮೇಲೆ ಬರೆದುಕೊಂಡರು.

ಆಮೇಲೆ ನಾಬ್ ತಿರುಗಿಸಿ ನೋಡಿ, “ಇದರಲ್ಲಿ ಕಟಕಟ ಬರುದಿಲ್ಲ ಟೀಚರೇ, ಅದೇ ಫಾಲ್ಟ್” ಅಂದರು! ನನ್ನ ಎದೆ ಸ್ವಲ್ಪ ಕುಸಿಯಿತು. ಅವರದ್ದೂ ತಪ್ಪಲ್ಲ. ಬೋಟಿನ ವಿಎಚ್‌ಎಫ್ ಸೆಟ್ಟಿನಲ್ಲಿ ಚಾನೆಲ್ ಆರಿಸುವುದು ಅಷ್ಟೇ. 16ನೇ ಚಾನೆಲ್ ಅಂದರೆ 156.8 ಮೆಗಾಹರ್ಟ್ಜ್, ಅದರ ಆಚೆ ಈಚೆ ಹುಡುಕುವ ಪ್ರಶ್ನೆಯೇ ಇಲ್ಲ. ಕಟ್ ಅಂತ ಒಂದು ಚಾನೆಲ್, ಕಟ್ ಅಂತ ಮುಂದಿನದು. ನಮ್ಮ ದೊಡ್ಡ ನಾಬ್ ತಡೆಯಿಲ್ಲದೆ ತಿರುಗಬೇಕು ಅಂತ ವಿವರಿಸಿದೆ. ಕೇಳಿದರು, ಎರಡು ಪ್ರಶ್ನೆ ಹಾಕಿದರು, ತಲೆ ಆಡಿಸಿದರು. ಮತ್ತೆ ಆ ಮಾತು ಎತ್ತಲಿಲ್ಲ. ಹೇಳಿದ್ದನ್ನು ಕೇಳಿಸಿಕೊಳ್ಳುವ ಮೆಕ್ಯಾನಿಕ್ ಸಿಗುವುದೇ ಕಷ್ಟ ಈಗ.

ಬಿಚ್ಚಿದ ರೀತಿ ನೋಡಬೇಕಿತ್ತು. ನಾಬಿನ ಸುತ್ತ ಇರುವ ರಬ್ಬರ್ ಬಳೆ ಸರಿಸಿದರೆ ಪಕ್ಕದಲ್ಲಿ ಸಣ್ಣ ತೂತು, ಅದರೊಳಗೆ ತಲೆಯಿಲ್ಲದ ಸ್ಕ್ರೂ. ಉಪ್ಪಿನ ಗಾಳಿಗೆ ಅದು ಹಿಡಿದುಕೊಂಡಿತ್ತು. ಅಲೆನ್ ಕೀ ಹಾಕಿ ಒಮ್ಮೆಲೇ ಬಲ ಕೊಟ್ಟರೆ ಒಳಗಿನ ಆರು ಮೂಲೆ ಸವೆದು ಹೋಗುತ್ತದೆ. ಇವರು ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ವಲ್ಪ ಹೊತ್ತು ಸ್ಕ್ರೂಗೆ ತಾಗಿಸಿ ಬಿಸಿ ಮಾಡಿದರು. ಆಮೇಲೆ ತಿರುಗಿಸಿದರೆ ಸಲೀಸಾಗಿ ಬಂತು. ದಿನಾ ಉಪ್ಪು ಹಿಡಿದ ಸ್ಕ್ರೂಗಳ ಜೊತೆ ಬದುಕುವವರಿಗೆ ಇದು ಮಾಮೂಲು.

ನಾಬಿನ ಹಿಂದೆ ಇರುವುದು ಆಪ್ಟಿಕಲ್ ಎನ್‌ಕೋಡರ್. ಸಣ್ಣ ಸಣ್ಣ ಗೆರೆಗಳ ಒಂದು ತೆಳು ಡಿಸ್ಕ್, ಒಂದು ಬದಿಯಲ್ಲಿ ಬೆಳಕು, ಇನ್ನೊಂದು ಬದಿಯಲ್ಲಿ ಎರಡು ಸೆನ್ಸರ್. ಡಿಸ್ಕ್ ತಿರುಗಿದಾಗ ಎರಡೂ ಸೆನ್ಸರಿನಿಂದ ಪಲ್ಸ್ ಬರುತ್ತದೆ, ಒಂದು ಇನ್ನೊಂದಕ್ಕಿಂತ ಒಂದು ಪಲ್ಸಿನ ಆವರ್ತದ ಕಾಲು ಭಾಗದಷ್ಟು ಹಿಂದೆ. ಯಾವುದು ಮೊದಲು ಬಂತು ಅಂತ ನೋಡಿ ಸೆಟ್ ಎಡವೋ ಬಲವೋ ತಿಳಿಯುತ್ತದೆ. ಒಂದು ಸತ್ತರೆ ಅದಕ್ಕೆ ದಿಕ್ಕೇ ಗೊತ್ತಾಗುವುದಿಲ್ಲ, ಮುಂದೆ ಒಂದು ಹಿಂದೆ ಒಂದು ಎಣಿಸುತ್ತಾ ಕೂರುತ್ತದೆ. ನನ್ನ ಸೆಟ್ಟಿನ ರೋಗ ಅದೇ. ಹಳೆಯ ಸಿಆರ್‌ಒ (ವಿದ್ಯುತ್ ಸಿಗ್ನಲನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ) ಒಂದನ್ನು ಎಳೆದು, ಎರಡು ಪ್ರೋಬ್ ಹಾಕಿ ತೋರಿಸಿದರು. ಒಂದು ಗೆರೆ ಚೌಕ ಚೌಕವಾಗಿ ನಡೆಯುತ್ತಿತ್ತು, ಇನ್ನೊಂದು ಸುಮ್ನೆ ಮಲಗಿತ್ತು. ಶಾಲೆಯಲ್ಲಿ ಇಂತಹ ಒಂದು ಡೆಮೊ ಮಾಡಲು ನನಗೆ ಸಿಆರ್‌ಒ ಸಿಗಲೇ ಇಲ್ಲ.

ಬಿಡಿಭಾಗ ಹಾಳಾಗಿರಲಿಲ್ಲ. ನಾಬಿನ ದಂಡದ ಬುಷ್‌ಗೆ ಹಾಕಿದ್ದ ಗ್ರೀಸ್ ಹಳತಾಗಿ ಅಂಟಾಗಿತ್ತು. ಬಿಗಿ ಆಗಲು ಕಾರಣ ಅದು. ಅದರ ಎಣ್ಣೆ ಒಸರಿ ಒಂದು ಸೆನ್ಸರಿನ ಮುಂದೆ ಕೂತಿತ್ತು, ಅದರ ಮೇಲೆ ನಮ್ಮ ಮಳೆಗಾಲದ ಬೂಷ್ಟು. ಬುಷ್ ಮತ್ತು ಸೆನ್ಸರನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದರು. ಡಿಸ್ಕಿಗೆ ಮಾತ್ರ ಅದನ್ನು ಮುಟ್ಟಿಸಲಿಲ್ಲ, ಮೆತ್ತಗಿನ ಬ್ರಷ್ ಮತ್ತು ಕನ್ನಡಕದ ಬಟ್ಟೆ ಅಷ್ಟೇ. “ಗೆರೆ ಅಳಿಸಿ ಹೋದರೆ ಮತ್ತೆ ಎಂತ ಮಾಡುದು ಮಾರಾಯ್ರೆ” ಅಂದರು. ಪೇಟೆಯ ಅಂಗಡಿಯ ಸ್ಪ್ರೇ ನೆನಪಾಯಿತು. ಎಣ್ಣೆ ಇರುವ ಸ್ಪ್ರೇ ಒಳಗೆ ಹೋಗಿದ್ದರೆ ಇಡೀ ಡಿಸ್ಕ್ ಮಬ್ಬಾಗುತ್ತಿತ್ತು. ಬುಷ್‌ಗೆ ಹೊಸ ಗ್ರೀಸ್ ಹಾಕಿದ್ದು ಕಡ್ಡಿಯ ತುದಿಯಲ್ಲಿ ಒಂದು ಚೂರು.

ಸಣ್ಣ ನಾಬಿನ ಕಥೆ ಬೇರೆ. ಅದರ ಒಳಗೆ ಲೋಹದ ಕಾಂಟ್ಯಾಕ್ಟುಗಳು, ಸವೆದಿದ್ದವು. ಬದಲಿ ಎನ್‌ಕೋಡರ್ ಬೆಂಗಳೂರಿನ ಎಸ್‌ಪಿ ರೋಡಿನಿಂದ ಬರಬೇಕಾಯಿತು. ಇಲ್ಲಿ ತಡ ಆಯಿತು, ಫೋನ್ ಮಾಡಿದರೆ ಎತ್ತುವುದಿಲ್ಲ. ಇದು ನನ್ನ ನಿಜವಾದ ದೂರು. ಬೇಡ ಅಂದರೆ ಬೇಡ ಅನ್ನಿ, ಬಂದಿಲ್ಲ ಅಂದರೆ ಬಂದಿಲ್ಲ ಅನ್ನಿ, ಫೋನ್ ಎತ್ತಲು ಎಷ್ಟು ಹೊತ್ತು ಬೇಕು? ನೀವೂ ಈ ಭಾಗ ತರಿಸುವುದಾದರೆ ದಂಡದ ಆಕಾರ, ಉದ್ದ ಮತ್ತು ಒಂದು ಸುತ್ತಿಗೆ ಎಷ್ಟು ಕಟಕಟ ಅಂತ ನೋಡಿಯೇ ತರಿಸಿ. ಇವರು ತರಿಸಿದ್ದರ ದಂಡ ಸ್ವಲ್ಪ ಉದ್ದ. ಗರಗಸದಲ್ಲಿ ಕೊಯ್ದು ಸರಿ ಮಾಡಿದರು, ಆದರೂ ನಾಬ್ ಕೂದಲೆಳೆಯಷ್ಟು ಹೊರಗೆ ನಿಂತಿದೆ. ನೋಡುವವರಿಗೆ ಗೊತ್ತಾಗುವುದಿಲ್ಲ, ನನಗೆ ಗೊತ್ತಾಗುತ್ತದೆ.

ಎಲ್ಲ ಸೇರಿ ಒಂಬೈನೂರು ರೂಪಾಯಿ ತೆಗೆದುಕೊಂಡರು. ಬಿಲ್ ಇಲ್ಲ. ಗ್ಯಾರಂಟಿ ಕೇಳಿದರೆ “ಪುನಃ ಆದರೆ ತನ್ನಿ” ಅನ್ನುತ್ತಾರೆ. ಈಗ ಒಂದು ಪೂರ್ತಿ ಮಳೆಗಾಲ ಕಳೆದಿದೆ, ದೊಡ್ಡ ನಾಬ್ ಒಂದು ಬೆರಳಿಗೆ ತಿರುಗುತ್ತದೆ. ಟ್ರಾನ್ಸ್‌ಮಿಟರ್ ಬದಿಯ ಕೆಲಸ, ಫ್ರೀಕ್ವೆನ್ಸಿ ಹೊಂದಿಸುವ ಕೆಲಸ ಇದ್ದರೆ ಮಾತ್ರ ನಾನು ಅಲ್ಲಿಗೆ ಕೊಡುವುದಿಲ್ಲ. ಅದಕ್ಕೆ ಎಚ್‌ಎಫ್ ಸೆಟ್ ಬಳಸಿ ಗೊತ್ತಿರುವ ಹ್ಯಾಮ್‌ಗಳೇ ಸರಿ. ನಾಬ್, ಸ್ವಿಚ್, ಕನೆಕ್ಟರ್, ಉಪ್ಪು ಹಿಡಿದದ್ದು, ತುಕ್ಕು ಹಿಡಿದದ್ದು ಇದ್ದರೆ ಕಣ್ಣು ಮುಚ್ಚಿ ಕೊಡಬಹುದು.

ಜುಲೈಯಲ್ಲಿ ಹೋಗಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್, ಬೋಟುಗಳೆಲ್ಲ ದಡದಲ್ಲಿ. ಸಮುದ್ರಕ್ಕೆ ಇಳಿಯುವ ಮೊದಲು ಎಲ್ಲರಿಗೂ ಒಟ್ಟಿಗೇ ವಯರ್‌ಲೆಸ್ ನೆನಪಾಗುತ್ತದೆ. ಆ ಹೊತ್ತಿಗೆ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಗಸ್ಟ್ ಕಳೆದ ಮೇಲೆ, ಮಧ್ಯಾಹ್ನದ ಊಟದ ಹೊತ್ತು ಬಿಟ್ಟು ಹೋಗಿ.

ಮತ್ತೆ ಆ ರಬ್ಬರ್ ಬಳೆ. ಹಳತಾಗಿ ಅಂಟುತ್ತಿತ್ತು, ಮುಟ್ಟಿದರೆ ಬೆರಳು ಕಪ್ಪು. ಕಂಪನಿಯದ್ದು ಸಿಗುವುದಿಲ್ಲ. ಅವರೇ ಹತ್ತಿರದ ಬೋಟ್ ಎಂಜಿನ್ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಕಳುಹಿಸಿದರು. ಅಲ್ಲಿ ಇಪ್ಪತ್ತು ರೂಪಾಯಿಗೆ ಒಂದು ಓ-ರಿಂಗ್ ಸಿಕ್ಕಿತು, ಹೊಲಿಸಿಟ್ಟಂತೆ ಕೂತಿದೆ. ಹಿಡಿತ ಮೊದಲಿಗಿಂತ ಚೆನ್ನಾಗಿದೆ. ನಿಮಗೂ ಬೇಕಿದ್ದರೆ ನಾಬನ್ನೇ ಕಿಸೆಯಲ್ಲಿ ಹಾಕಿಕೊಂಡು ಹೋಗಿ. ಚೀಟಿಯಲ್ಲಿ ಅಳತೆ ಬರೆದುಕೊಂಡು ಹೋದರೆ ಆ ಅಂಗಡಿಯವರು ನಂಬುವುದಿಲ್ಲ.