ಮಗುವಿನ ಕುತ್ತಿಗೆಗೆ ಪೆಟ್ಟು: ಎಕ್ಸ್‌ರೇ, ಸಿಟಿ, ಎಂಆರ್‌ಐ

ಕುತ್ತಿಗೆಗೆ ಪೆಟ್ಟಾದ ಮಗುವಿಗೆ ಎಕ್ಸ್‌ರೇ, ಸಿಟಿ ಸ್ಕ್ಯಾನ್, ಎಂಆರ್‌ಐ ಸ್ಕ್ಯಾನ್ ಮೂರರಲ್ಲಿ ಯಾವುದನ್ನು ಮಾಡಿಸಬೇಕು ಎಂಬುದು ಪ್ರಶ್ನೆ. ಅಪಘಾತದ ನಂತರ ಕೈಕಾಲು ಜೋಮು ಹಿಡಿದಿದ್ದರೆ ಅಥವಾ ಬಲ ಕುಂದಿದ್ದರೆ ಮೊದಲು ಮಗುವನ್ನು ಅಲುಗಾಡಿಸದೆ ಆಂಬುಲೆನ್ಸ್ ಕರೆಯಿರಿ. ಹೋಲಿಕೆ ಆಮೇಲೆ.

ಲಿಗಮೆಂಟ್ ಎಂದರೆ ಮೂಳೆಗಳನ್ನು ಜೋಡಿಸಿಡುವ ಪಟ್ಟಿ. ಎಂಟು ವರ್ಷದೊಳಗಿನ ಮಕ್ಕಳಲ್ಲಿ ಇವು ಸಡಿಲ, ತಲೆಯೋ ದೇಹಕ್ಕೆ ಹೋಲಿಸಿದರೆ ಭಾರ. ಹಾಗಾಗಿ ಮೂಳೆ ಮುರಿಯದೆಯೂ ಕುತ್ತಿಗೆಯ ಮೇಲ್ಭಾಗದ ಲಿಗಮೆಂಟ್ ಹರಿಯಬಹುದು.

ಇಲ್ಲಿಯೇ ಎಕ್ಸ್‌ರೇ ಎಡವುತ್ತದೆ. ಅದು ಮೂಳೆಗಳ ಸಾಲನ್ನು ತೋರಿಸುತ್ತದೆ, ಲಿಗಮೆಂಟನ್ನಲ್ಲ. ಚಿಕ್ಕ ಮಕ್ಕಳಲ್ಲಿ ಕುತ್ತಿಗೆಯ ಎರಡನೆಯ ಕಶೇರುಕ (ಬೆನ್ನೆಲುಬಿನ ಬಿಡಿ ಮೂಳೆ) ಮೂರನೆಯದರ ಮೇಲೆ ತುಸು ಮುಂದೆ ಜಾರಿದಂತೆ ಕಾಣುವುದು ಸಹಜವೂ ಹೌದು. ಅನುಭವವಿಲ್ಲದ ಕಣ್ಣಿಗೆ ಅದೇ ಗಾಯ! ಆದರೂ ಎಕ್ಸ್‌ರೇ ಅಗ್ಗ, ಕ್ಷಣದ ಕೆಲಸ, ವಿಕಿರಣವೂ ಕಡಿಮೆ. ಸೌಮ್ಯ ಪೆಟ್ಟಿಗೆ ಚಿತ್ರ ಬೇಕೆಂದು ವೈದ್ಯರಿಗೆ ಅನಿಸಿದರೆ ಆರಂಭ ಇದರಿಂದಲೇ.

ಸಿಟಿ ಮೂಳೆಮುರಿತಕ್ಕೆ ಅತ್ಯುತ್ತಮ, ವೇಗವೂ ಉಂಟು. ಆದರೆ ಎಳೆಯ ಥೈರಾಯ್ಡ್ ಗ್ರಂಥಿಗೆ ವಿಕಿರಣ ಹೆಚ್ಚು. ಪ್ರಜ್ಞೆಯಿಲ್ಲದ, ತೀವ್ರವಾಗಿ ಗಾಯಗೊಂಡ ಮಗುವಿಗೆ ಇದು ಸಮರ್ಥನೀಯ. ಸುಮ್ಮನೆ ಸಮಾಧಾನಕ್ಕೆಂದು ನಾನಂತೂ ಕೇಳುವುದಿಲ್ಲ.

ಲಿಗಮೆಂಟ್, ಮಿದುಳುಬಳ್ಳಿ (ಬೆನ್ನುಹುರಿ) ನೋಡಬೇಕಾದರೆ ಎಂಆರ್‌ಐ. ವಿಕಿರಣವಿಲ್ಲ, ಆದರೆ ದುಬಾರಿ, ದೀರ್ಘ. ಪುಟ್ಟ ಮಗುವನ್ನು ಮಲಗಿಸಲು ಔಷಧಿ ಬೇಕಾಗಬಹುದು. ಎಕ್ಸ್‌ರೇ ಸರಿಯಿದ್ದೂ ನರದ ಲಕ್ಷಣವಿದ್ದರೆ ಅಥವಾ ನೋವು ಇಳಿಯದಿದ್ದರೆ ಇದಕ್ಕೇ ಹೋಗಬೇಕು.

ಚಿಕಿತ್ಸೆಯೂ ಚಿತ್ರದಲ್ಲಿ ಕಂಡದ್ದರ ಮೇಲೆಯೇ ನಿಂತಿದೆ: ಸಣ್ಣ ಉಳುಕಿಗೆ ವಿಶ್ರಾಂತಿ, ನೋವಿನ ಔಷಧಿ, ಲಿಗಮೆಂಟ್ ಹರಿದು ಕುತ್ತಿಗೆ ಅಸ್ಥಿರವಾಗಿದ್ದರೆ ಗಟ್ಟಿ ಕಾಲರ್, ಹೇಲೋ ಚೌಕಟ್ಟು (ತಲೆಬುರುಡೆಗೆ ಬಿಗಿದು ಕುತ್ತಿಗೆ ಅಲುಗದಂತೆ ಹಿಡಿಯುವ ಬಳೆ) ಅಥವಾ ಶಸ್ತ್ರಚಿಕಿತ್ಸೆ.